ಕೋಡಿ ಇಲ್ಲದ ಕೆರೆ: ನಕುರು ನ್ಯಾಷನಲ್ ಪಾರ್ಕು ಮತ್ತು ಅಲ್ಲಿನ ಫ್ಲೆಮಿಂಗೋಗಳು

(ನಮ್ಮೂರಿನ ಹಕ್ಕಿ ನೋಡೋರ ಬಳಗದಲ್ಲಿ ಮಾತಾಡಿದ್ದು ಇದು. ಬರೋಕಾಗದವರು ಬರಹದಲ್ಲಿ ಕೊಡಿ ಅಂದ್ರು, ಅದಕ್ಕೆ ರೆಕಾರ್ಡಿಂಗ್ ಕೇಳ್ಕೊಂಡು ಟೈಪ್ ಮಾಡಿದೀನಿ. ಮಾತಿನ ಧಾಟಿ ಹಾಗೇ ಬಿಟ್ಟಿದೀನಿ, ಸ್ಲೈಡ್ ತೋರಿಸಿದ ಕಡೆ ಮಾತ್ರ ಒಂದೆರಡು ಸಾಲು ಸೇರಿಸಿದೀನಿ.)

ಎಲ್ಲರಿಗೂ ನಮಸ್ಕಾರ. ನಾವು ಕೆರೆ ತುಂಬಿದ್ರೆ ಬಾಗಿನ ಕೊಡೋ ಜನ. ಕೋಡಿ ಬಿತ್ತು ಅಂದ್ರೆ ಊರಿಗೂರೇ ನೋಡೋಕೆ ಹೋಗುತ್ತೆ, ಪೇಪರಲ್ಲಿ ಫೋಟೋ ಬರುತ್ತೆ, ಶಾಸಕರು ಬರ್ತಾರೆ. ಇವತ್ತು ನಾನು ಹೇಳೋಕೆ ಹೊರಟಿರೋದು ಇದಕ್ಕೆ ಪೂರ್ತಿ ಉಲ್ಟಾ ಕಥೆ, ಕೆರೆ ತುಂಬಿದ್ದಕ್ಕೇ ಲಕ್ಷಗಟ್ಟಲೆ ಹಕ್ಕಿ ಊಟ ಇಲ್ಲದೆ ಜಾಗ ಖಾಲಿ ಮಾಡಿದ ಕಥೆ. ಕೀನ್ಯಾದ ನಕುರು ಕೆರೆ. ಟಿವಿಯಲ್ಲಿ ಆಫ್ರಿಕಾ ಅಂದ ತಕ್ಷಣ ಒಂದು ಗುಲಾಬಿ ಬಣ್ಣದ ಕೆರೆ ತೋರಿಸ್ತಿದ್ರಲ್ಲ, ದಡದುದ್ದಕ್ಕೂ ಫ್ಲೆಮಿಂಗೋ, ನೀರೇ ಕಾಣ್ತಿರಲಿಲ್ಲ, ಎಷ್ಟೋ ಸಲ ಆ ಕೆರೆ ಇದೇ ಆಗಿರ್ತಿತ್ತು. ಈಗ ಹೋದ್ರೆ ಆ ಸೀನು ಸಿಗೋದು ಕಷ್ಟ.

ಮೊದಲು ಜಾಗ ಎಲ್ಲಿದೆ ಅಂತ ಹೇಳಿಬಿಡ್ತೀನಿ. ನೈರೋಬಿಯಿಂದ ವಾಯವ್ಯಕ್ಕೆ ನೂರೈವತ್ತು ನೂರರವತ್ತು ಕಿಲೋಮೀಟರ್, ರಿಫ್ಟ್ ವ್ಯಾಲಿ ಅಂತಾರಲ್ಲ ಆ ದೊಡ್ಡ ಕಣಿವೆಯ ತಳದಲ್ಲಿ, ಸಮುದ್ರಮಟ್ಟದಿಂದ ಸುಮಾರು 1750 ಮೀಟರ್ ಎತ್ತರದಲ್ಲಿದೆ. 1960ರ ಆಸುಪಾಸಿನಲ್ಲಿ ಪಕ್ಷಿಧಾಮ ಮಾಡಿದ್ರು, 1968ರಲ್ಲಿ ನ್ಯಾಷನಲ್ ಪಾರ್ಕ್ ಆಯ್ತು, 1990ರಲ್ಲಿ ಕೀನ್ಯಾದ ಮೊದಲ ರಾಮ್ಸಾರ್ ತಾಣ (ಅಂತಾರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ), 2011ರಲ್ಲಿ ಪಕ್ಕದ ಎಲ್ಮೆಂಟೈಟಾ ಮತ್ತೆ ಬೊಗೋರಿಯಾ ಕೆರೆಗಳ ಜೊತೆ ಸೇರಿಸಿ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ಹಾಕಿದ್ರು. ಅಂದ್ರೆ ಒಂದು ಕೆರೆಗೆ ಕಾಗದದ ಮೇಲೆ ಎಷ್ಟು ರಕ್ಷಣೆ ಕೊಡಬಹುದೋ ಅಷ್ಟೂ ಕೊಟ್ಟಾಗಿದೆ. ಪಾರ್ಕು ಒಟ್ಟು 188 ಚದರ ಕಿಲೋಮೀಟರ್, ಸುತ್ತ ಕರೆಂಟ್ ಬೇಲಿ. ನಾನೂರಕ್ಕೂ ಹೆಚ್ಚು ಜಾತಿ ಹಕ್ಕಿ. ಬೇಲಿ ಆಚೆ ಒಂದು ಕಡೆ ಹೊಲ, ಇನ್ನೊಂದು ಕಡೆ ನಕುರು ಸಿಟಿ, 2019ರ ಜನಗಣತಿಯಲ್ಲಿ ಐದೂವರೆ ಲಕ್ಷ ದಾಟಿದ ಊರು.

ಈ ಕೆರೆಗೆ ಕೋಡಿ ಇಲ್ಲ. ಇದನ್ನ ತಲೇಲಿ ಇಟ್ಕೊಳ್ಳಿ, ಮುಂದಿನ ಎಲ್ಲಾದಕ್ಕೂ ಇದೇ ಕಾರಣ. ಎಂಜೊರೊ, ಮಕಾಲಿಯಾ, ಎಂಡೆರಿಟ್ ಅಂತ ಮೂರ್ನಾಲ್ಕು ಸಣ್ಣ ಹೊಳೆ ಬಂದು ಸೇರ್ತವೆ, ದಡದಲ್ಲಿ ಒಂದು ನೀರಿನ ಊಟೆ ಇದೆ, ಬಂದ ನೀರು ಹೋಗೋದು ಬಿಸಿಲಿಗೆ ಆವಿಯಾಗಿ ಮಾತ್ರ. ಸುತ್ತ ಎಲ್ಲಾ ಜ್ವಾಲಾಮುಖಿ ಕಲ್ಲು, ಅದರಿಂದ ತೊಳ್ಕೊಂಡು ಬರೋ ಸೋಡಾ ಅಂಶ ಸಾವಿರಾರು ವರ್ಷದಿಂದ ಇಲ್ಲೇ ಕೂತಿದೆ. ಹಾಗಾಗಿ ನೀರು ಕುಡಿಯೋ ಹಾಗಿಲ್ಲ, ಪಿಎಚ್ ಹತ್ತರ ಮೇಲೆ. ಸೋಪಿನ ನೀರಿನ ತರ ಜಾರುತ್ತೆ. ಮೀನು ಕೂಡ ಮೂಲದಲ್ಲಿ ಇರಲಿಲ್ಲ.

ಇಂಥ ನೀರಲ್ಲಿ ಒಂದೇ ಒಂದು ವಸ್ತು ಸಮೃದ್ಧವಾಗಿ ಬೆಳೆಯುತ್ತೆ, ಆರ್ಥ್ರೋಸ್ಪೈರಾ ಅನ್ನೋ ಸೂಕ್ಷ್ಮ ಪಾಚಿ. ನಿಮ್ಮ ಮೆಡಿಕಲ್ ಶಾಪಲ್ಲಿ ಸ್ಪಿರುಲಿನಾ ಮಾತ್ರೆ ಅಂತ ದುಡ್ಡು ಕೊಟ್ಟು ತಗೋತೀರಲ್ಲ, ಅದೇ ಕುಟುಂಬ. ನಕುರು ಕೆರೆನ ಗುಲಾಬಿ ಮಾಡ್ತಿದ್ದ ಲೆಸ್ಸರ್ ಫ್ಲೆಮಿಂಗೋ ಅನ್ನೋ ಜಾತಿಗೆ ಇದೇ ಊಟ. ನಮ್ಮಲ್ಲಿ ಆಲಮಟ್ಟಿ ಹಿನ್ನೀರಿಗೆ ಬಾಗಲಕೋಟೆ ಕಡೆ ಬರೋದು ಗ್ರೇಟರ್ ಫ್ಲೆಮಿಂಗೋ, ಅದು ಕೆಸರು ಕಲಕಿ ಹುಳ ಹುಪ್ಪಟೆ, ಸಣ್ಣ ಸೀಗಡಿ ತಿನ್ನುತ್ತೆ, ಏನು ಸಿಕ್ಕಿದ್ರೂ ಅಡ್ಜಸ್ಟ್ ಮಾಡ್ಕೊಳ್ಳುತ್ತೆ. ಲೆಸ್ಸರ್ ಹಾಗಲ್ಲ. ಸೈಜಲ್ಲಿ ಚಿಕ್ಕದು, ಬಣ್ಣ ಗಾಢ, ಕೊಕ್ಕು ಕಡುಗೆಂಪು. ಆ ಕೊಕ್ಕನ್ನ ಹತ್ತಿರದಿಂದ ನೋಡಬೇಕು ನೀವು (ಸ್ಲೈಡ್ ಇತ್ತು ಇಲ್ಲಿ). ತಲೆ ಬಗ್ಗಿಸಿ ಕೊಕ್ಕನ್ನ ತಲೆಕೆಳಗು ಮಾಡಿ ನೀರಿನ ಮೇಲ್ಪದರದಲ್ಲಿ ಆಡಿಸುತ್ತೆ, ಕೊಕ್ಕಿನ ಒಳಗಡೆ ಸಾವಿರಾರು ಸಣ್ಣ ಸಣ್ಣ ಎಸಳು, ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿಯನ್ನೂ ಹಿಡಿಯೋ ಜರಡಿ ಅದು. ನಾಲಿಗೆ ಪಂಪು. ಸೆಕೆಂಡಿಗೆ ಸುಮಾರು 20 ಸಲ ಹಿಂದೆ ಮುಂದೆ ಹೋಗಿ ನೀರು ಎಳೆದು, ಸೋಸಿ, ಆಚೆ ಹಾಕುತ್ತೆ. ಹೀಗೆ ದಿನಾ ಗಂಟೆಗಟ್ಟಲೆ ಮಾಡಿ ಒಂದು ಹಕ್ಕಿ ಒಣತೂಕದ ಲೆಕ್ಕದಲ್ಲಿ 60-70 ಗ್ರಾಂ ಪಾಚಿ ತಿನ್ನುತ್ತೆ. ಹತ್ತು ಲಕ್ಷ ಹಕ್ಕಿ ಇದ್ದಾಗ, ಇತ್ತು ಒಂದು ಕಾಲದಲ್ಲಿ, ದಿನಕ್ಕೆ 60-70 ಟನ್ ಆಯ್ತು. ಅಷ್ಟನ್ನೂ ಆ ಕೆರೆ ಮಾರನೇ ದಿನಕ್ಕೆ ಮತ್ತೆ ಬೆಳೆದು ಇಟ್ಟಿರ್ತಿತ್ತು ಅನ್ನೋದೇ ನನಗೆ ಇವತ್ತಿಗೂ ಆಶ್ಚರ್ಯ. ಗುಲಾಬಿ ಬಣ್ಣ ಕೂಡ ಈ ಪಾಚಿಯಿಂದಲೇ ಬರೋದು, ಹುಟ್ಟುವಾಗ ಮರಿ ಬೂದು ಬಣ್ಣ.

ಈಗ ವಿಷಯಕ್ಕೆ ಬರ್ತೀನಿ. 2010-11ರಿಂದ ಕೆರೆ ಏರೋಕೆ ಶುರುವಾಯ್ತು. ನಕುರು ಒಂದೇ ಅಲ್ಲ, ಬರಿಂಗೋ, ಬೊಗೋರಿಯಾ, ನೈವಾಶಾ, ಆ ಕಣಿವೆಯ ಕೆರೆಗಳೆಲ್ಲಾ ಏರಿದ್ವು. ನಕುರುದಲ್ಲಿ ಪಾರ್ಕಿನ ಮೇನ್ ಗೇಟ್ ಹತ್ತಿರಕ್ಕೇ ನೀರು ಬಂತು, ಗೇಟು ಆಫೀಸು ಎಲ್ಲಾ ಬೇರೆ ಕಡೆ ಮಾಡಬೇಕಾಯ್ತು, ಜೀಪ್ ಓಡಾಡೋ ರಸ್ತೆಗಳು ಮುಳುಗಿದ್ವು, ಆಚೆ ಊರಿನ ತಗ್ಗು ಬಡಾವಣೆಗಳಲ್ಲಿ ಮನೆ ಕಳ್ಕೊಂಡವರಿದಾರೆ. ದಡದಲ್ಲಿ ಹಳದಿ ತೊಗಟೆಯ ಜಾಲಿ ಮರಗಳ ಕಾಡಿತ್ತು, ತುಂಬ ಚಂದ ಅವು, ನಾನು ಹೋದಾಗ ಅವೆಲ್ಲ ಸೊಂಟದ ತನಕ ನೀರಲ್ಲಿ ಒಣಗಿ ನಿಂತಿದ್ವು, ಕೊಂಬೆ ಕೊಂಬೆ ಮೇಲೆ ನೀರುಕಾಗೆ. ನೀರುಕಾಗೆಗೇನೋ ಖುಷಿ.

ಲಂಡನ್ನಿನ ಕಿಂಗ್ಸ್ ಕಾಲೇಜಿನ ಸಂಶೋಧಕರು ಪೂರ್ವ ಆಫ್ರಿಕಾದ 22 ಸೋಡಾ ಕೆರೆಗಳ ಉಪಗ್ರಹ ಚಿತ್ರಗಳನ್ನ 1999ರಿಂದ 2022ರ ತನಕ ಇಟ್ಕೊಂಡು ಲೆಕ್ಕ ಹಾಕಿ 2024ರಲ್ಲಿ ಪ್ರಕಟಿಸಿದ್ರು. ಹೆಚ್ಚು ಪೆಟ್ಟು ತಿಂದಿರೋ ಕೆರೆಗಳಲ್ಲಿ ನಕುರು ಕೂಡ ಒಂದು. 2009ರಿಂದ 2022ರೊಳಗೆ ಕೆರೆಯ ವಿಸ್ತೀರ್ಣ 91 ಪರ್ಸೆಂಟ್ ಜಾಸ್ತಿ, ಅಂದ್ರೆ ಹೆಚ್ಚುಕಮ್ಮಿ ಡಬಲ್, ಪಾಚಿಯ ಪ್ರಮಾಣ ಅರ್ಧಕ್ಕರ್ಧ ಕಮ್ಮಿ. ಹತ್ತು ಜನಕ್ಕೆ ಅಂತ ಮಾಡಿದ ಸಾರಿಗೆ ಎರಡು ಬಿಂದಿಗೆ ನೀರು ಸುರಿದಿದ್ದಾರೆ ಅನ್ಕೊಳ್ಳಿ, ಪಾತ್ರೆ ತುಂಬಿರುತ್ತೆ, ಊಟ ಇರಲ್ಲ. ಉಪ್ಪು ಸೋಡಾ ತೆಳುವಾದ ತಕ್ಷಣ ಆರ್ಥ್ರೋಸ್ಪೈರಾ ಜಾಗಕ್ಕೆ ಬೇರೆ ಪಾಚಿಗಳು ಬರ್ತವೆ, ಅವು ಈ ಹಕ್ಕಿಯ ಜರಡಿಗೆ ಆಗಲ್ಲ. ಆಳ ಜಾಸ್ತಿ ಆದ್ರೆ ನಿಂತು ತಿನ್ನೋ ಜಾಗವೂ ಹೋಯ್ತು, ಈಜ್ತಾ ತಿನ್ನೋಕೆ ಬರುತ್ತೆ ಅವಕ್ಕೆ, ಆದ್ರೂ.

ನೀರು ಯಾಕೆ ಏರ್ತು ಅನ್ನೋದಕ್ಕೆ ಅಲ್ಲಿ ನಮ್ಮ ಟೀ ಅಂಗಡಿ ಚರ್ಚೆಯ ತರಾನೇ ನೂರು ಥಿಯರಿ ಇದಾವೆ. ಭೂಮಿ ಒಳಗಡೆ ಪ್ಲೇಟು ಸರಿದು ನೀರು ಮೇಲೆ ಬಂತು ಅಂತಾರೆ ಕೆಲವರು. ಕೀನ್ಯಾ ಸರ್ಕಾರ 2021ರಲ್ಲಿ ಹೊರತಂದ ವರದಿ, ಆಮೇಲಿನ ಅಧ್ಯಯನಗಳು ಎಲ್ಲಾ ನೋಡಿದ್ರೆ ಮುಖ್ಯ ಕಾರಣ ಮಳೆ ಜಾಸ್ತಿ ಆಗಿರೋದು, ಅದರ ಜೊತೆಗೆ ಮೇಲಿನ ಜಮೀನಿನ ಸ್ಥಿತಿ. ಈ ಎರಡನೇದರ ಬಗ್ಗೆ ಸ್ವಲ್ಪ ಹೇಳಬೇಕು.

ನಕುರುಗೆ ನೀರು ಬರೋದು ಮಾವು ಕಾಡಿನಿಂದ. ನಮ್ಮ ಹಣ್ಣಿನ ಮಾವಲ್ಲ ಮಾರಾಯ್ರೇ, ಮಾವು ಅನ್ನೋದು ಪಶ್ಚಿಮಕ್ಕಿರೋ ಎತ್ತರದ ಬೆಟ್ಟಸಾಲಿನ ಕಾಡು. ನಮ್ಮ ಕಾವೇರಿಗೆ ಕೊಡಗು ಹೇಗೋ ಆ ಭಾಗದ ಕೆರೆಗಳಿಗೆ, ಮಾರಾ ನದಿಗೆ ಎಲ್ಲಾ ಅದೇ ತಲೆ. 2001ರಲ್ಲಿ ಸರ್ಕಾರನೇ ಅದರಲ್ಲಿ 60 ಸಾವಿರ ಹೆಕ್ಟೇರಿಗಿಂತ ಜಾಸ್ತಿ ಕಾಡನ್ನ ರಿಸರ್ವ್ ಫಾರೆಸ್ಟಿಂದ ತೆಗೆದುಹಾಕ್ತು. ಜಮೀನಿಲ್ಲದ ಬಡವರಿಗೆ ಕೊಡ್ತೀವಿ ಅಂತ ಹೇಳಿದ್ದು, ಕೊನೆಗೆ ಯಾರ್ಯಾರ ಕೈ ಸೇರ್ತು ಅನ್ನೋದು ದೊಡ್ಡ ರಾಜಕೀಯ ಜಗಳ, ಅದು ನಮಗೆ ಹೊಸದೇನಲ್ಲ ಬಿಡಿ. ಕಾಡು ಹೋದಮೇಲೆ ವರ್ಷವಿಡೀ ಹರೀತಿದ್ದ ಹೊಳೆ ಮಳೆಗಾಲದ ಹಳ್ಳ ಆಯ್ತು. ಮಳೆ ಬಿದ್ರೆ ಹೊಲದ ಮಣ್ಣೆಲ್ಲಾ ತಗೊಂಡು ಒಂದೇ ಸಲ ನುಗ್ಗುತ್ತೆ, ಬಿಸಿಲಾದ್ರೆ ಬರೀ ಕಲ್ಲು. ಬೇರೆ ಬೇರೆ ಸರ್ಕಾರ ಬಂದಾಗ ಒತ್ತುವರಿ ತೆರವು ಅಂತ ಜನರನ್ನ ಎಬ್ಬಿಸಿದ್ರು, ಅದರಲ್ಲಿ ತಲೆತಲಾಂತರದಿಂದ ಆ ಕಾಡಲ್ಲೇ ಜೇನು ಕೀಳ್ತಾ ಇದ್ದ ಒಗಿಯೆಕ್ ಜನರೂ ಬಂದ್ರು, ಅವರು ಆಫ್ರಿಕನ್ ಮಾನವ ಹಕ್ಕು ಕೋರ್ಟಿಗೆ ಹೋಗಿ 2017ರಲ್ಲಿ ಗೆದ್ರು. ಕಾಡು ಕಡಿದವರು ಒಬ್ಬರು, ಕಾಡು ಉಳಿಸೋ ಹೆಸರಲ್ಲಿ ಮನೆ ಕಳ್ಕೊಂಡವರು ಇನ್ನೊಬ್ಬರು. ನನ್ನ ಪ್ರಕಾರ ಕನ್ಸರ್ವೇಷನ್ ಅನ್ನೋದು ಜನರ ಹತ್ರ ಮರ್ಯಾದೆ ಕಳ್ಕೊಳ್ಳೋದು ಇಂಥ ಕಡೆಯೇ.

ಇನ್ನೊಂದು ಮಾತು, ಈಗ ತುಂಬಿದೆ ಅಂತ ಯಾವಾಗಲೂ ತುಂಬಿತ್ತು ಅಂತಲ್ಲ. ತೊಂಬತ್ತರ ದಶಕದ ಮಧ್ಯದಲ್ಲಿ ಇದೇ ಕೆರೆ ಒಣಗಿ ಬಿಳಿ ಧೂಳು ಎದ್ದಿತ್ತು, ಆಗ ಎಲ್ಲರೂ ನಕುರು ಸತ್ತೋಯ್ತು ಅಂತ ಬರೆದ್ರು. 1997-98ರ ಎಲ್ ನಿನೊ ಮಳೆಗೆ ಮತ್ತೆ ತುಂಬ್ತು. ಸರಾಸರಿ ಎರಡು ಮೂರು ಮೀಟರ್ ಆಳದ ಕೆರೆಗಳ ಸ್ವಭಾವವೇ ಅದು, ಒಣಗೋದು ತುಂಬೋದು ಎರಡೂ ಅದಕ್ಕೆ ಮಾಮೂಲು. ಫ್ಲೆಮಿಂಗೋಗೂ ಅದು ಗೊತ್ತು, ರಾತ್ರೋರಾತ್ರಿ ಎದ್ದು ಬೇರೆ ಕೆರೆಗೆ ಹೋಗುತ್ತೆ. ಭಯ ಇರೋದು ಎಲ್ಲಾ ಕೆರೆಗಳೂ ಒಟ್ಟಿಗೇ ಕೈಕೊಟ್ರೆ ಅನ್ನೋದರಲ್ಲಿ. ಆ 22 ಕೆರೆಗಳ ಅಧ್ಯಯನ ಹೇಳ್ತಿರೋದು ಇದನ್ನೇ.

ಇನ್ನು ಸಿಟಿ ಕಥೆ. ಕೋಡಿ ಇಲ್ಲ ಅಂದ್ನಲ್ಲ, ಹಾಗಾಗಿ ಊರಿಂದ ಏನು ಹರಿದು ಬಂದ್ರೂ ಅದರ ಕೊನೇ ಸ್ಟಾಪು ಕೆರೆ. ಎರಡು ಕೊಳಚೆ ಶುದ್ಧೀಕರಣ ಘಟಕ ಇದಾವೆ, ಅದರ ನೀರು ಕೆರೆಗೇ ಹೋಗೋದು, ಊರಿನ ಎಲ್ಲಾ ಮನೆಗಳಿಗೂ ಯುಜಿಡಿ (ಒಳಚರಂಡಿ) ಇಲ್ಲ, ಮಳೆ ಬಂದ್ರೆ ಚರಂಡಿಯಲ್ಲಿರೋ ಪ್ಲಾಸ್ಟಿಕ್ಕು ಚಪ್ಪಲಿ ಬಾಟಲಿ ಎಲ್ಲಾ ಒಳಗೆ. ಬೆಳ್ಳಂದೂರು ನೋಡಿದವರಿಗೆ ನಾನು ವಿವರಿಸೋದು ಬೇಡ. ವ್ಯತ್ಯಾಸ ಏನಂದ್ರೆ ಬೆಳ್ಳಂದೂರಿನ ಪಾಪ ವರ್ತೂರಿಗೆ ಹೋಗಿ ಅಲ್ಲಿಂದ ಮುಂದಕ್ಕೆ ಹೋಗುತ್ತೆ, ನಕುರುದ್ದು ಎಲ್ಲೂ ಹೋಗಲ್ಲ. ಸೀಸ, ಕ್ರೋಮಿಯಂ, ಪಾದರಸ ಇಂಥವು ಕೆಸರಲ್ಲಿ ಸೇರ್ಕೊಂಡು ಕೂತಿರ್ತವೆ.

1993ರಿಂದ ಮುಂದೆ ನಕುರು ಮತ್ತೆ ಬೊಗೋರಿಯಾದಲ್ಲಿ ಫ್ಲೆಮಿಂಗೋಗಳು ಸಾವಿರಗಟ್ಟಲೆ ಸಾಯೋಕೆ ಶುರು ಮಾಡಿದ್ವು. ಒಂದೇ ಸಲ ಅಲ್ಲ, ಬಿಟ್ಟು ಬಿಟ್ಟು, ಹತ್ತು ಹದಿನೈದು ವರ್ಷ. ಯಾಕೆ ಅಂತ ನೋಡಿದವರಿಗೆ ಒಬ್ಬೊಬ್ಬರಿಗೆ ಒಂದೊಂದು ಸಿಕ್ತು. ಯಕೃತ್ತಿನಲ್ಲಿ ಭಾರ ಲೋಹ ಅಂದ್ರು ಕೆಲವರು. ಇನ್ನು ಕೆಲವರಿಗೆ ಹಕ್ಕಿಗಳ ಕ್ಷಯದ ಬ್ಯಾಕ್ಟೀರಿಯಾ ಸಿಕ್ತು. ಬೊಗೋರಿಯಾದ ಬಿಸಿನೀರಿನ ಬುಗ್ಗೆಗಳ ಅಂಚಿನಲ್ಲಿ ಬೆಳೆಯೋ ನೀಲಿ-ಹಸಿರು ಪಾಚಿಯಲ್ಲಿ ನರಕ್ಕೂ ಯಕೃತ್ತಿಗೂ ಹೊಡೆಯೋ ವಿಷ ಇದೆ, ಹಕ್ಕಿ ಸಿಹಿನೀರು ಕುಡಿಯೋಕೆ ಅಲ್ಲಿಗೆ ಹೋಗಿ ಅದನ್ನೂ ನುಂಗುತ್ತೆ, ಅದೇ ಕಾರಣ ಅಂತ ಮತ್ತೊಂದು ತಂಡ. ಪೇಪರಿನವರಿಗೆ ಒಂದು ವಿಲನ್ ಬೇಕು, ಫ್ಯಾಕ್ಟರಿ ಅಂತ ಬರೆದ್ರೆ ಹೆಡ್‌ಲೈನ್ ಚೆನ್ನಾಗಿರುತ್ತೆ. ನನಗನ್ಸೋದು, ಒಳ್ಳೇ ಊಟ ಸಿಗ್ತಿದ್ದ ಹಕ್ಕಿ ಇವುಗಳಲ್ಲಿ ಯಾವುದಾದ್ರೂ ಒಂದನ್ನ ತಡ್ಕೊಂಡಿರ್ತಿತ್ತು. ಹೊಟ್ಟೆಗಿಲ್ಲದೆ ಸೊರಗಿದ ಹಿಂಡಿಗೆ ಎಲ್ಲಾ ಒಟ್ಟಿಗೆ ಬಿದ್ರೆ ಹೇಗೆ ತಡೆಯುತ್ತೆ?

ಹೆಜ್ಜಾರ್ಲೆ (ಪೆಲಿಕನ್) ಬಗ್ಗೆ ಹೇಳದೆ ಹೋದ್ರೆ ಕೊಕ್ಕರೆಬೆಳ್ಳೂರಿನವರು ಬೇಜಾರು ಮಾಡ್ಕೋತಾರೆ. ಮೀನಿರಲಿಲ್ಲ ಅಂದೆ. ಐವತ್ತು ಅರವತ್ತರ ದಶಕದಲ್ಲಿ ಸೊಳ್ಳೆ ಕಾಟ ತಡೆಯೋಕೆ ಅಂತ ಮಗಾಡಿ ಕೆರೆಯಿಂದ (ರಾಮನಗರದ ಪಕ್ಕದ ಮಾಗಡಿ ಅಲ್ಲ, ಕೀನ್ಯಾದ್ದು) ಸೋಡಾ ನೀರಲ್ಲೂ ಬದುಕೋ ಸಣ್ಣ ಜಾತಿ ತಿಲಾಪಿಯಾ ತಂದು ಬಿಟ್ರು. ಸೊಳ್ಳೆ ಕಮ್ಮಿ ಆಯ್ತೋ ಇಲ್ವೋ, ಮೀನು ಮಾತ್ರ ಸಿಕ್ಕಾಪಟ್ಟೆ ಆಯ್ತು, ಅದರ ಹಿಂದೆ ಬಿಳಿ ಹೆಜ್ಜಾರ್ಲೆ, ನೀರುಕಾಗೆ, ಫಿಶ್ ಈಗಲ್ ಎಲ್ಲಾ ಬಂದ್ವು. ಮಜಾ ಏನಂದ್ರೆ ಹೆಜ್ಜಾರ್ಲೆ ಗೂಡು ಮಾಡೋದು ನಕುರುದಲ್ಲಲ್ಲ, ಎಲ್ಮೆಂಟೈಟಾ ಕೆರೆಯ ಕಲ್ಲುಗುಡ್ಡದ ದ್ವೀಪಗಳಲ್ಲಿ. ಅಲ್ಲಿ ಅವಕ್ಕೆ ಸಾಕಾಗೋಷ್ಟು ಊಟ ಇಲ್ಲ. ಬೆಳಿಗ್ಗೆ ಬಿಸಿಗಾಳಿ ಏಳೋ ತನಕ ಕಾದು, ಅದರ ಮೇಲೆ ಸುತ್ತುಹಾಕ್ತಾ ಮೇಲೇರಿ, ಗುಡ್ಡ ದಾಟಿ ನಕುರುಗೆ ಬಂದು ಮೀನು ಹಿಡ್ಕೊಂಡು ವಾಪಸ್ ಹೋಗ್ತವೆ. ಒಂದು ಕೆರೆ ಬೆಡ್‌ರೂಮು, ಇನ್ನೊಂದು ಅಡುಗೆಮನೆ. ಈಗ ನೀರು ತೆಳುವಾದಮೇಲೆ ಬೇರೆ ತಿಲಾಪಿಯಾಗಳೂ ಬಂದು ಸೇರಿದಾವೆ, ಪಾರ್ಕಲ್ಲಿ ಮೀನು ಹಿಡಿಯೋ ಹಾಗಿಲ್ಲ, ಆದ್ರೂ ಮುಳುಗಿದ ಬೇಲಿ ಕಡೆಯಿಂದ ಕದ್ದು ಹಿಡಿಯೋರು ಇದಾರೆ. ಅವರಿಗೂ ಹೊಟ್ಟೆಪಾಡು, ಆದ್ರೆ ಆ ಕೆಸರಲ್ಲಿ ಬೆಳೆದ ಮೀನು ತಿಂದವರ ಕಥೆ ಏನು.

ಬೇಲಿ ವಿಷಯ ಬಂತಲ್ಲ. ಎಂಬತ್ತರ ದಶಕದಲ್ಲಿ ಆ ಬೇಲಿ ಹಾಕಿದ್ದು ಖಡ್ಗಮೃಗಕ್ಕೆ. ಕೊಂಬಿಗಾಗಿ ಕೊಂದು ಕೊಂದು ಕೀನ್ಯಾದಲ್ಲಿ ಕಪ್ಪು ಖಡ್ಗಮೃಗ ನಾನೂರರ ಆಸುಪಾಸಿಗೆ ಇಳಿದಿತ್ತು, ಉಳಿದದ್ದರಲ್ಲಿ ಕೆಲವನ್ನ ತಂದು ಇಲ್ಲಿಟ್ಟು ಕಾಪಾಡಿದ್ರು, ಆ ವಿಷಯದಲ್ಲಿ ನಕುರು ನಿಜವಾಗ್ಲೂ ಗೆದ್ದಿದೆ. ಆದ್ರೆ ಫ್ಲೆಮಿಂಗೋ ಊಟ ನಿರ್ಧಾರ ಆಗೋದು ಮಾವು ಬೆಟ್ಟದಲ್ಲಿ, ಅದರ ಆರೋಗ್ಯ ನಿರ್ಧಾರ ಆಗೋದು ಊರಿನ ಚರಂಡಿಯಲ್ಲಿ, ಮರಿ ಹುಟ್ಟೋದು ಇನ್ನೊಂದು ದೇಶದಲ್ಲಿ. ಮೂರೂ ಬೇಲಿ ಆಚೆ. ಜೊತೆಗೆ ಈಗ ಕೆರೆ ದೊಡ್ಡದಾಗಿ ಹುಲ್ಲುಗಾವಲು ನುಂಗಿರೋದ್ರಿಂದ ಜಿರಾಫೆ, ಕಾಡೆಮ್ಮೆ, ಖಡ್ಗಮೃಗ ಎಲ್ಲಾ ನೀರಿಗೂ ಬೇಲಿಗೂ ಮಧ್ಯೆ ಇಕ್ಕಟ್ಟಲ್ಲಿ ಸಿಕ್ಕಾಕೊಂಡಿವೆ.

ಇನ್ನೊಂದು ದೇಶ ಅಂದ್ನಲ್ಲ, ಅದು ತಾಂಜಾನಿಯಾ, ಗಡಿ ದಾಟಿದ ತಕ್ಷಣ ಇರೋ ನೇಟ್ರಾನ್ ಕೆರೆ. ಪೂರ್ವ ಆಫ್ರಿಕಾದಲ್ಲಿ ಹದಿನೈದರಿಂದ ಇಪ್ಪತ್ತೈದು ಲಕ್ಷ ಲೆಸ್ಸರ್ ಫ್ಲೆಮಿಂಗೋ ಇದಾವೆ ಅಂತ ಅಂದಾಜು, ಪ್ರಪಂಚದ ಒಟ್ಟು ಸಂಖ್ಯೆಯ ಮುಕ್ಕಾಲು ಪಾಲು. ಅಷ್ಟೂ ಹಕ್ಕಿಗೆ ಬಾಣಂತನದ ಮನೆ ಅಂತ ಹೇಳ್ಕೊಳ್ಳೋಕೆ ಇರೋದು ಇದೊಂದೇ. ಐವತ್ತರ ದಶಕದ ತನಕ ಇವು ಎಲ್ಲಿ ಮೊಟ್ಟೆ ಇಡ್ತವೆ ಅಂತಲೇ ಸರಿಯಾಗಿ ಗೊತ್ತಿರಲಿಲ್ಲ. ಲೆಸ್ಲಿ ಬ್ರೌನ್ ಅನ್ನೋ ಪಕ್ಷಿತಜ್ಞ ವಿಮಾನದಿಂದ ಗೂಡುಗಳನ್ನ ನೋಡಿ, ಹತ್ತಿರದಿಂದ ನೋಡ್ತೀನಿ ಅಂತ ಕೆರೆ ಮೇಲೆ ನಡ್ಕೊಂಡು ಹೊರಟ್ರು. ಮೇಲೆ ಗಟ್ಟಿಯಾದ ಸೋಡಾ ಪದರ, ಕೆಳಗೆ ಸುಡೋ ಕೆಸರು. ಕಾಲು ಹೂತು ಬೂಟಿನೊಳಗೆ ಸೋಡಾ ಸೇರಿ ಕಾಲಿನ ಚರ್ಮ ಪೂರ್ತಿ ಸುಟ್ಟೋಯ್ತು, ಹೇಗೋ ವಾಪಸ್ ಬಂದು ವಾರಗಟ್ಟಲೆ ಆಸ್ಪತ್ರೆ, ಚರ್ಮದ ಕಸಿ. ಮನುಷ್ಯನಿಗೆ ಈ ಗತಿ ಆಗೋ ಜಾಗ ಅಂದ್ರೆ ಕತ್ತೆಕಿರುಬ, ನರಿ ಯಾವುದೂ ಬರಲ್ಲ, ಅದಕ್ಕೇ ಹಕ್ಕಿ ಅಲ್ಲಿ ಹೋಗೋದು. ಕೆಸರಿನ ಸಣ್ಣ ದಿಣ್ಣೆ, ಅದರ ಮೇಲೆ ಒಂದೇ ಮೊಟ್ಟೆ.

1962ರಲ್ಲಿ ನೇಟ್ರಾನ್ ತುಂಬಿ ಗೂಡಿಗೆ ಜಾಗ ಇರಲಿಲ್ಲ, ಹಿಂಡುಗಳು ಹೋಗಿ ಮಗಾಡಿಯಲ್ಲಿ ಮೊಟ್ಟೆ ಇಟ್ವು. ಅಲ್ಲಿ ಸೋಡಾ ಇನ್ನೂ ಗಟ್ಟಿ. ಮರಿಗಳು ನಡೆದಾಡಿದ ಹಾಗೆಲ್ಲಾ ಕಾಲಿಗೆ ಸೋಡಾ ಮೆತ್ತಿ ಒಣಗಿ ಕಡಗದ ತರ ಕಟ್ಕೊಂಡು, ಭಾರಕ್ಕೆ ಹೆಜ್ಜೆ ಎತ್ತೋಕೇ ಆಗ್ತಿರಲಿಲ್ಲ. ಸ್ವಯಂಸೇವಕರು, ಸೈನಿಕರು ಬಂದು ಒಂದೊಂದೇ ಮರಿ ಹಿಡಿದು ಆ ಕಡಗನ ಮೆಲ್ಲಗೆ ಒಡೆದು ಬಿಟ್ರು, ಸುಮಾರು 27 ಸಾವಿರ ಮರಿ ಅಂತ ಲೆಕ್ಕ. ಒಂದೊಂದಾಗಿ, ಆ ಬಿಸಿಲಲ್ಲಿ, ಕೈಯಲ್ಲಿ.

ಇಂಥ ನೇಟ್ರಾನ್ ದಡದಲ್ಲಿ ಸೋಡಾ ಆಶ್ ಕಾರ್ಖಾನೆ ಮಾಡೋ ಪ್ರಸ್ತಾಪ 2006ರ ಹೊತ್ತಿಗೆ ಬಂತು. ತಾಂಜಾನಿಯಾ ಸರ್ಕಾರದ ನಿಗಮದ ಜೊತೆ ಪಾಲುದಾರರಾಗಿದ್ದವರು ನಮ್ಮ ಟಾಟಾ ಕೆಮಿಕಲ್ಸ್, ಮಗಾಡಿಯ ಸೋಡಾ ಕಂಪನಿಯನ್ನ ಅವರು 2005ರಲ್ಲೇ ಕೊಂಡಿದ್ರು. ಸೋಡಾ ಆಶ್ ಅಂದ್ರೆ ಗಾಜಿಗೆ, ಬಟ್ಟೆ ಪೌಡರಿಗೆ ಬೇಕು, ನಮ್ಮೆಲ್ಲರ ಮನೇಲೂ ಇದೆ. ಹಕ್ಕಿ ಸಂರಕ್ಷಣೆಯ ಸಂಸ್ಥೆ ಬರ್ಡ್‌ಲೈಫ್ ಇಂಟರ್‌ನ್ಯಾಷನಲ್ ಮತ್ತೆ ಆಫ್ರಿಕಾದ ಹಲವು ಸಂಘಟನೆಗಳು ವಿರೋಧ ಮಾಡಿದ್ವು, 2008ರಲ್ಲಿ ಕಂಪನಿ ಹಿಂದೆ ಸರೀತು. 2011ರಲ್ಲಿ ಅಲ್ಲಿನ ಅಧ್ಯಕ್ಷರು ಮತ್ತೆ ಆ ಯೋಜನೆ ಬೇಗ ಆಗಬೇಕು ಅಂದ್ರು. ಇಂಥವು ಒಂದು ಸಲಕ್ಕೆ ಮುಗಿಯಲ್ಲ.

ಕೆಲಸ ಮಾಡೋರೂ ಇದಾರೆ ಅನ್ನೋದನ್ನ ಹೇಳಿ ಮುಗಿಸ್ತೀನಿ. ಕೀನ್ಯಾದ ನ್ಯಾಷನಲ್ ಮ್ಯೂಸಿಯಮ್ಸ್ ಮತ್ತೆ ನೇಚರ್ ಕೀನ್ಯಾದವರು 1990-91ರಿಂದ ರಿಫ್ಟ್ ಕಣಿವೆ ಕೆರೆಗಳಲ್ಲಿ ನೀರುಹಕ್ಕಿ ಗಣತಿ ಮಾಡ್ತಾ ಬಂದಿದಾರೆ, ಜನವರಿ ಗಣತಿಗೆ ಸ್ವಯಂಸೇವಕರು ಬೆಳಿಗ್ಗೆನೇ ದಡ ಹಂಚ್ಕೊಂಡು ನಿಲ್ತಾರೆ, ಫ್ಲೆಮಿಂಗೋ ಹಿಂಡನ್ನ ಒಂದೊಂದಾಗಿ ಎಣಿಸೋಕಾಗಲ್ಲ, ನೂರರ ಒಂದು ಗುಂಪು ಎಣಿಸಿ ಅದು ಎಷ್ಟು ಜಾಗ ಹಿಡಿಯುತ್ತೆ ನೋಡಿ ಅದರಿಂದ ಇಡೀ ಹಿಂಡು ಅಳೀತಾರೆ. ಈ ಮೂವತ್ತು ವರ್ಷದ ನೋಟ್‌ಬುಕ್ಕು ಇಲ್ಲದಿದ್ರೆ ಹಕ್ಕಿ ಸತ್ವಾ, ಬೇರೆ ಕಡೆ ಹೋದ್ವಾ ಅಂತ ವಾದ ಮಾಡೋಕೂ ಏನೂ ಇರ್ತಿರಲಿಲ್ಲ. 2008ರಲ್ಲಿ ಈ ಹಕ್ಕಿ ಇರೋ ದೇಶಗಳೆಲ್ಲಾ ಸೇರಿಸಿ ಒಂದು ಕ್ರಿಯಾ ಯೋಜನೆ ಆಯ್ತು. ಯಾವ ಜೀವಿ ಎಷ್ಟು ಅಪಾಯದಲ್ಲಿದೆ ಅಂತ ಹೇಳೋ ಐಯುಸಿಎನ್ ಪಟ್ಟಿಯಲ್ಲಿ ಲೆಸ್ಸರ್ ಫ್ಲೆಮಿಂಗೋ ಇನ್ನೂ ಅಪಾಯದ ಅಂಚಿನ ವರ್ಗದಲ್ಲಿದೆ, ಪೂರ್ತಿ ಅಪಾಯದ್ದಕ್ಕೆ ಹೋಗಿಲ್ಲ. ಲಕ್ಷಗಟ್ಟಲೆ ಇದೆಯಲ್ಲ ಅಂತ ಸುಮ್ಮನಾಗೋ ಹಾಗಿಲ್ಲ, ಮರಿ ಮಾಡೋ ಜಾಗ ಬೆರಳೆಣಿಕೆ.

ಪ್ರಶ್ನೆಗಳಲ್ಲಿ ಎರಡು ಇಲ್ಲಿ ಹಾಕ್ತೀನಿ.

"ಸರ್, ಮೊಟ್ಟೆ ಇಡೋಕೆ ಜಾಗ ಕಮ್ಮಿ ಅಂದ್ರೆ ನಾವೇ ದ್ವೀಪ ಮಾಡಿ ಕೊಡಬಹುದಲ್ವಾ?" ಅಂತ ಕಾಲೇಜಿನ ಹುಡುಗಿ ಒಬ್ಬಳು ಕೇಳಿದ್ಲು. ಮಾಡಿದಾರಮ್ಮ. ದಕ್ಷಿಣ ಆಫ್ರಿಕಾದ ಕಿಂಬರ್ಲಿ ಊರಿನ ಪಕ್ಕ ಕ್ಯಾಂಫರ್ಸ್ ಡ್ಯಾಮ್ ಅಂತಿದೆ, ಅಲ್ಲಿ 2006ರಲ್ಲಿ ಎಸ್ ಆಕಾರದ ಮಣ್ಣಿನ ದ್ವೀಪ ಕಟ್ಟಿದ್ರು, ಹಕ್ಕಿಗಳು ನಿಜವಾಗ್ಲೂ ಬಂದು ಮರಿ ಮಾಡಿದ್ವು. ಆಮೇಲೆ ಊರಿನ ಕೊಳಚೆ ನೀರು ಜಾಸ್ತಿ ಬಂದು ದ್ವೀಪ ಮುಳುಗ್ತು. 2019ರಲ್ಲಿ ಅದೇ ಡ್ಯಾಮ್ ಒಣಗಿ, ತಂದೆತಾಯಿ ಬಿಟ್ಟುಹೋದ ಸುಮಾರು ಎರಡು ಸಾವಿರ ಮರಿಗಳನ್ನ ಎತ್ಕೊಂಡು ಹೋಗಿ ಸಾಕಬೇಕಾಯ್ತು. ದ್ವೀಪ ಕಟ್ಟೋದು ಸುಲಭ, ನೀರಿನ ಮಟ್ಟ ಯಾರ ಕೈಲಿದೆ ಅನ್ನೋದೇ ಪ್ರಶ್ನೆ. ಅಂದಹಾಗೆ ಮರಿ ಮಾಡೋ ಕೆಲವೇ ಜಾಗಗಳಲ್ಲಿ ನಮ್ಮ ಗುಜರಾತಿನ ಕಛ್ ರಣ್ ಕಡೆಯ ಉಪ್ಪಿನ ಗದ್ದೆಗಳೂ ಸೇರಿವೆ, ಆಫ್ರಿಕಾ ತನಕ ಹೋಗಬೇಕಂತೇನಿಲ್ಲ.

ಇನ್ನೊಬ್ಬರು ಹಿರಿಯರು, "ಇಷ್ಟೆಲ್ಲಾ ಕೇಳಿದಮೇಲೆ ನಕುರುಗೆ ಹೋಗೋದು ವೇಸ್ಟ್ ಅಂತೀರಾ?" ಅಂದ್ರು. ಖಂಡಿತ ಇಲ್ಲ, ಹೋಗಿ ಸರ್. ಫ್ಲೆಮಿಂಗೋ ಸಿಕ್ಕೇ ಸಿಗುತ್ತೆ ಅಂತ ಟೂರ್ ಏಜೆಂಟ್ ಹೇಳಿದ್ರೆ ನಂಬಬೇಡಿ, ಹಿಂದಿನ ವಾರ ಯಾವ ಕೆರೆಯಲ್ಲಿತ್ತು ಅಂತ ಅಲ್ಲಿನ ಗೈಡ್‌ಗಳಿಗೆ ಫೋನ್ ಮಾಡಿ ಕೇಳಿ, ಬೊಗೋರಿಯಾಕ್ಕೆ ಒಂದು ದಿನ ಎಕ್ಸ್ಟ್ರಾ ಇಟ್ಕೊಳ್ಳಿ, ಬರೋ ದಾರೀಲಿ ಎಲ್ಮೆಂಟೈಟಾದಲ್ಲಿ ಇಳೀರಿ. ನಕುರುದಲ್ಲಿ ಬಬೂನ್ ಕ್ಲಿಫ್ (ಬಬೂನ್ ಅಂದ್ರೆ ಒಂದು ಜಾತಿ ದೊಡ್ಡ ಕೋತಿ) ಮೇಲಿಂದ ಇಡೀ ಕೆರೆ ಕಾಣುತ್ತೆ, ಬೈನಾಕ್ಯುಲರ್ ಮರೀಬೇಡಿ, ತಿಂಡಿ ಪೊಟ್ಟಣ ಮಾತ್ರ ಗಾಡಿ ಒಳಗೇ ಇರಲಿ, ಆ ಜಾಗಕ್ಕೆ ಹೆಸರು ಸುಮ್ನೆ ಬಂದಿಲ್ಲ.